ತಿಂಗಳ ಕೊನೆಗೆ ಮಾಯವಾಗುವ ಅಂಗಡಿ

ನಮ್ಮ ಬೀದಿಯಲ್ಲಿ ಬೋಲ್ಟಣ್ಣನಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬನಿಲ್ಲ. ಇದನ್ನು ನಾನು ಹೊಗಳಿಕೆ ಅಂತ ಹೇಳುತ್ತಿಲ್ಲ, ದೂರು ಅಂತಲೇ ಬರೆದುಕೊಳ್ಳಿ. ಎದುರಿಗೆ ನಿಂತವರ ಮುಖ ನೋಡಿಕೊಂಡು 'ಆಗಲ್ಲ' ಅನ್ನುವ ಮಾತು ಅವನ ಬಾಯಿಂದ ಹೊರಡುವುದಿಲ್ಲ. ಕುಕ್ಕರು, ಕೊಡೆ, ಟಾರ್ಚು, ಟೇಬಲ್ ಫ್ಯಾನು, ಇಸ್ತ್ರಿ ಪೆಟ್ಟಿಗೆ, ರಿಪೇರಿಗೆ ಯಾರು ಏನೇ ತಂದರೂ 'ಇಡಿ, ನಾಳೆ ಬನ್ನಿ' ಎನ್ನುತ್ತಾನೆ. ನಾಳೆ ಹೋದರೆ ಅದೇ ನಗು, ಅದೇ ನಾಳೆ. ಎಷ್ಟು ಪ್ರೀತಿಯಿಂದ ಹೇಳುತ್ತಾನೆಂದರೆ, ಜಗಳಕ್ಕೆ ಬಂದವರು ಇನ್ನೊಂದು ಕೊಡೆ ಇಟ್ಟು ಹೋಗುತ್ತಾರೆ. ಹೀಗೆ ಮೂವತ್ತೊಂದು ವರ್ಷದಿಂದ ಅಂಗಡಿ ನಡೆದುಬಂದಿದೆ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಜನರ ಸಾಮಾನು ಪೇರಿಸಿದೆ. ನಡುವೆ ಉಳಿದ ಜಾಗದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಬೋಲ್ಟಣ್ಣ.

ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ನಮ್ಮಿಬ್ಬರ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಕದ್ದು ಕೇಳುವ ಚಟ ನನಗಿಲ್ಲ, ಕಿವಿ ತಾನಾಗಿಯೇ ಕೇಳಿಸಿಕೊಂಡರೆ ನಾನೇನು ಮಾಡಲಿ?

ತಿಂಗಳ ಹತ್ತನೇ ತಾರೀಕು, ಹೆಗಲಿಗೆ ಕ್ಯಾಮೆರಾ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು ಇಟ್ಟುಕೊಂಡು ಒಬ್ಬ ಹುಡುಗಿ ನಮ್ಮ ಬೀದಿಗೆ ಬಂದಳು. ಊರು ಬದಲಾಗುತ್ತಿದೆಯಂತೆ, ಹಳೆಯ ಜಾಗಗಳೆಲ್ಲ ಮಾಯವಾಗುತ್ತಿವೆಯಂತೆ, ಅವು ಪೂರ್ತಿ ಅಳಿಸಿಹೋಗುವ ಮೊದಲು ಅವುಗಳ ನೆನಪನ್ನು ಹಿಡಿದಿಡಲು ಸಾಕ್ಷ್ಯಚಿತ್ರ ಮಾಡುತ್ತಿದ್ದಾಳಂತೆ. ಬೀದಿಯ ತುದಿಯಿಂದ ವಿಚಾರಿಸುತ್ತಾ ನನ್ನ ಅಂಗಡಿಗೂ ಬಂದಳು. ನಾನು ತಲೆ ಬಾಚಿಕೊಂಡು ಮೆಷಿನ್ನಿನ ಪಕ್ಕ ನಿಂತೆ.

"ನಿಮ್ಮ ಅಂಗಡಿ ಯಾವಾಗ ನಿಲ್ಲಿಸ್ತಿದ್ದೀರಾ ಸರ್?" ಎಂದಳು.

"ಬಾಯಲ್ಲಿ ಒಳ್ಳೇ ಮಾತು ಬರಲ್ವೇನಮ್ಮ? ಯಾಕೆ ನಿಲ್ಲಿಸ್ಲಿ? ಚೆನ್ನಾಗಿ ನಡೀತಿದೆ."

"ಓ, ಹೌದಾ..." ಎಂದವಳ ಮುಖದಲ್ಲಿ ಕನಿಕರ ತುಂಬಿ ಬಂತು. ಚೆನ್ನಾಗಿ ನಡೆಯುವ ಅಂಗಡಿಯವನ ಸಿನಿಮಾ ಯಾರೂ ತೆಗೆಯುವುದಿಲ್ಲ ಎಂಬ ಸತ್ಯ ನನಗೆ ಅವತ್ತು ತಿಳಿಯಿತು. ಇಷ್ಟು ವರ್ಷ ನಿಯತ್ತಿನಿಂದ ದುಡಿದದ್ದಕ್ಕೆ ಇದು ಬಹುಮಾನ.

ಬೋಲ್ಟಣ್ಣನ ಅಂಗಡಿಯ ಮುಂದೆ ಬಂದವಳು ಮಾತ್ರ ನಿಂತಲ್ಲೇ ನಿಂತುಬಿಟ್ಟಳು. ನೇತುಹಾಕಿದ ಕೊಡೆಗಳನ್ನು ನೋಡಿದಳು, ಹಿಡಿಯಿಲ್ಲದ ಕುಕ್ಕರುಗಳನ್ನು ನೋಡಿದಳು, ರೆಕ್ಕೆ ಕಳಚಿದ ಫ್ಯಾನುಗಳನ್ನು ನೋಡಿದಳು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಅಂಕಲ್, ಎಂಥಾ ಜಾಗ ಇದು! ಇನ್ನೆಷ್ಟು ದಿನ ಇರುತ್ತೆ?"

"ಇರುತ್ತಮ್ಮ. ಎಲ್ಲಿಗೆ ಹೋಗುತ್ತೆ?"

ಹುಡುಗಿಯ ಮುಖ ಬಾಡಿತು. ಬಿಚ್ಚಿದ ಸ್ಟ್ಯಾಂಡನ್ನು ಮಡಚತೊಡಗಿದಳು. "ಸಾರಿ ಅಂಕಲ್. ಉಳಿಯೋ ಜಾಗಗಳನ್ನ ನಾನು ತೆಗೆಯೋ ಹಾಗಿಲ್ಲ."

ಬಾಗಿಲಿಗೆ ಬಂದವರು ಸಪ್ಪೆ ಮುಖ ಹೊತ್ತು ವಾಪಸು ಹೋಗುವುದೆಂದರೆ ಬೋಲ್ಟಣ್ಣನ ಎದೆಗೆ ಮೊಳೆ ಹೊಡೆದಂತೆ. "ನಿಲ್ಲಮ್ಮ, ನಿಲ್ಲು," ಎಂದ. "ಇರುತ್ತೆ ಅಂದ್ರೆ, ಏನೋ ಇರುತ್ತೆ. ಪರ್ಮನೆಂಟಾಗಿ ಯಾವುದಿರುತ್ತೆ ಹೇಳು? ಹೆಚ್ಚೆಂದ್ರೆ ಈ ತಿಂಗಳ ಕೊನೆವರೆಗೆ."

ಹಲಗೆಯ ಈಚೆ ನನ್ನ ಕೈಯಲ್ಲಿದ್ದ ಕಾಗದದ ಕಟ್ಟು ಕೆಳಗೆ ಬಿತ್ತು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ಹಿರಿಯರು ಹೇಳಿದ್ದು ಗಂಡಸರನ್ನೂ ಸೇರಿಸಿಯೇ ಇರಬೇಕು.

ಶೂಟಿಂಗ್ ಎಂದರೆ ದೊಡ್ಡ ಕೆಲಸವೇನಲ್ಲ. ಬೋಲ್ಟಣ್ಣ ಕೊನೆಯ ಸಲ ಶಟರ್ ಎಳೆಯಬೇಕು, ಅಷ್ಟೇ. ಎಳೆದ. ಎಳೆದು ಕ್ಯಾಮೆರಾದ ಕಡೆ ತಿರುಗಿ ಹಲ್ಲು ಬಿಟ್ಟು "ಹೇಗೆ ಬಂತಮ್ಮ?" ಎಂದ. ಮತ್ತೆ ಎತ್ತಿಸಿದಳು. ಮತ್ತೆ ಎಳೆದ, ಮತ್ತೆ ನಕ್ಕ. "ಅಂಕಲ್, ಜೀವನದಲ್ಲಿ ತುಂಬಾ ದುಃಖ ಆಗಿದ್ದು ಯಾವುದಾದ್ರೂ ನೆನಪಿಸ್ಕೊಳ್ಳಿ" ಎಂದಳು. ಬೋಲ್ಟಣ್ಣ ಸ್ಟೂಲಿನ ಮೇಲೆ ಕೂತು ಕಾಲು ಗಂಟೆ ಯೋಚಿಸಿದ. ಒಂದೂ ಸಿಗಲಿಲ್ಲ. ಸಂಕೋಚದಿಂದ ನನ್ನನ್ನು ಕರೆದು, "ನಿನಗೇನಾದ್ರೂ ನೆನಪಿದೆಯೇನಯ್ಯ, ನನಗೆ ದುಃಖ ಆಗಿದ್ದು?" ಎಂದು ಕೇಳಿದ.

ಒಂಬತ್ತನೆಯ ಸಲ ಶಟರು ಸರ್ರನೆ ಇಳಿದು ಅವನ ಹೆಬ್ಬೆರಳ ಮೇಲೆ ಕೂತಿತು. ಆಗ ಬಂದ ಮುಖವಿದೆಯಲ್ಲ, ಅಂಥ ಮುಖ ನೂರು ವರ್ಷ ನಟನೆ ಮಾಡಿದವರಿಗೂ ಬರಲಿಕ್ಕಿಲ್ಲ. ಕಣ್ಣು ತುಂಬಿ, ತುಟಿ ನಡುಗಿ, ಆಕಾಶ ನೋಡಿದ. "ಕಟ್" ಎಂದ ಹುಡುಗಿ ತನ್ನ ಕಣ್ಣನ್ನೂ ಒರೆಸಿಕೊಂಡಳು. "ಎಂಥಾ ನೋವು!" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ಮುಖದ ಎರಡು ನಿಮಿಷದ ತುಣುಕನ್ನು, 'ನಗರದ ಕೊನೆಯ ರಿಪೇರಿಗಾರ' ಎಂದು ಹೆಸರಿಟ್ಟು, ಅವಳು ಅವತ್ತೇ ಫೋನುಗಳಿಗೆ ಹರಿಯಬಿಟ್ಟಳು. ಹಿಂದಿನ ಬೀದಿಯಲ್ಲೇ ಇನ್ನೂ ಮೂವರು ರಿಪೇರಿಯವರಿದ್ದರು. ಅವರೂ ಅದನ್ನು ನೋಡಿ ಕಣ್ಣೀರು ಹಾಕಿದರೆಂದು ಆಮೇಲೆ ಗೊತ್ತಾಯಿತು.

ಮಾರನೆಯ ಬೆಳಗ್ಗೆ ಬೋಲ್ಟಣ್ಣ ಬರುವ ಹೊತ್ತಿಗೆ ಅಂಗಡಿಯ ಮುಂದೆ ಸಾಲು. ಎಲ್ಲರಿಗಿಂತ ಮುಂದೆ, ನಮ್ಮ ಬೀದಿಯ ಅರ್ಧ ಜನಕ್ಕೆ ಪಾಠ ಹೇಳಿದ ನಿವೃತ್ತ ಮೇಷ್ಟ್ರು.

"ನನ್ನ ಕೊಡೆ," ಎಂದರು ಮೇಷ್ಟ್ರು.

"ನಾಳೆ ಬನ್ನಿ ಮೇಷ್ಟ್ರೇ."

"ಯಾವ ನಾಳೆ? ಇನ್ನು ನಿನ್ನ ಹತ್ರ ಇರೋದು ಹತ್ತೊಂಬತ್ತು ನಾಳೆ. ಒಂಬತ್ತು ವರ್ಷದಿಂದ ಒದ್ದೆಯಾಗಿಕೊಂಡು ಓಡಾಡ್ತಿದ್ದೀನಿ. ಇವತ್ತೇ ಕೊಡು." ಹೀಗೆ ಗದರಿದವರು, ಮರುಕ್ಷಣ ಅವನ ಕೈ ಹಿಡಿದುಕೊಂಡು, "ನೀನು ಹೋಗ್ತೀಯಾ ಅಂದ್ರೆ ನಂಬೋಕೇ ಆಗ್ತಿಲ್ಲ ಕಣೋ" ಎಂದು ಬಿಕ್ಕಿದರು.

ಬೋಲ್ಟಣ್ಣ ಬಾಯಿ ತೆರೆದ. ನಾನು ಹಲಗೆಯ ಸಂದಿಯಿಂದ ಕಣ್ಣಲ್ಲೇ ಸನ್ನೆ ಮಾಡಿದೆ, ಹೇಳು, ಈಗಲೇ ಹೇಳಿಬಿಡು ಅಂತ. ಅಳುತ್ತಿರುವ ಮೇಷ್ಟ್ರ ಮುಖಕ್ಕೆ 'ನೀವು ಸುಮ್ಮನೆ ಅಳ್ತಿದ್ದೀರಾ' ಎನ್ನುವುದು ಹೇಗೆ? "ಕೂತ್ಕೊಳ್ಳಿ ಮೇಷ್ಟ್ರೇ," ಎಂದ, ಕೊಡೆ ಕೆಳಗಿಳಿಸಿದ.

ಅಲ್ಲಿಂದ ಶುರುವಾಯಿತು ನೋಡಿ. ಮೂವತ್ತೊಂದು ವರ್ಷ ನಾಳೆಗೆ ತಳ್ಳಿದ್ದೆಲ್ಲ ಇವತ್ತಾಗಿ ಬಂದು ನಿಂತಿತು. ಒಬ್ಬ ಹೆಂಗಸು ಮಗಳು ಹೊಟ್ಟೆಯಲ್ಲಿದ್ದಾಗ ಕೊಟ್ಟ ಕುಕ್ಕರನ್ನು ಕೇಳಿಕೊಂಡು ಬಂದಳು, ಜೊತೆಯಲ್ಲಿ ಕಾಲೇಜಿಗೆ ಹೋಗುವ ಆ ಮಗಳು. ಇನ್ನೊಬ್ಬರು ತೀರಿಹೋದ ಮಾವನ ಟಾರ್ಚು ಹುಡುಕಿಕೊಂಡು ಬಂದರು. ಎಲ್ಲರೂ ಮೊದಲು ಬೈದರು, ಆಮೇಲೆ ಅತ್ತರು, ಕೊನೆಗೆ ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಬೋಲ್ಟಣ್ಣ ಬೆಳಗ್ಗೆಯಿಂದ ಸಂಜೆಯವರೆಗೆ ತಲೆ ಎತ್ತದೆ ಸ್ಕ್ರೂ ತಿರುಗಿಸಿದ. ಅಷ್ಟು ವರ್ಷದಲ್ಲಿ ಮಾಡದಿದ್ದ ಕೆಲಸವನ್ನು ಒಂದು ವಾರದಲ್ಲಿ ಮುಕ್ಕಾಲು ಪಾಲು ಮಾಡಿ ಮುಗಿಸಿದ. ಜನರೋ, "ಇಷ್ಟು ಚುರುಕಾಗಿ ಮೊದ್ಲೇ ಮಾಡಿದ್ರೆ ಅಂಗಡಿ ಯಾಕೆ ಮುಚ್ಚಬೇಕಿತ್ತು?" ಎಂದು ಬುದ್ಧಿ ಹೇಳಿ ಹೋದರು.

"ಬೋಲ್ಟಣ್ಣ, ನಿಜ ಹೇಳಿಬಿಡು. ಇದು ಎಲ್ಲಿಗೋ ಹೋಗ್ತಿದೆ," ಎಂದೆ.

"ಹೇಳ್ತೀನಿ ಕಣಯ್ಯ. ಇವರದ್ದೆಲ್ಲ ಅತ್ತು ಮುಗೀಲಿ."

ಇತ್ತ ಅವನ ಹೆಂಡತಿಗೆ, ಅಂದರೆ ನಾನು ಅತ್ತಿಗೆ ಎಂದು ಕರೆಯುವ ಆ ಗಟ್ಟಿಗಿತ್ತಿಗೆ, ವಿಷಯವೆಲ್ಲ ಮೊದಲ ದಿನವೇ ಗೊತ್ತಿತ್ತು. "ಬಾಯಿ ಬಿಟ್ಟು ಆಡಿದ ಮಾತನ್ನ ಬಾಯಿ ಬಿಟ್ಟೇ ವಾಪಸ್ ತಗೊಳ್ಳಿ" ಎಂದು ಗಂಡನನ್ನು ದಿನಾ ಬೆಳಗ್ಗೆ ಕಳಿಸುತ್ತಿದ್ದಳು. ದಿನಾ ಸಂಜೆ ಅವನು ಮಾತನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದ. ಬುಧವಾರವಂತೂ ಸಾಲಿಗೆ ಹೆದರಿ ಮನೆಯಲ್ಲೇ ಉಳಿದುಕೊಂಡ. ಆ ಒಂದು ದಿನದ ಕಥೆಯನ್ನು ಅತ್ತಿಗೆ ನನ್ನ ಹೆಂಡತಿಗೆ ಹೇಳಿದಳು, ನನ್ನ ಹೆಂಡತಿ ನನಗೆ ಹೇಳಿದಳು, ಎರಡೂ ಸಲ ಅದು ಸ್ವಲ್ಪ ಬೆಳೆದಿರಬಹುದು. ಬೆಳಗ್ಗೆ ಹತ್ತಕ್ಕೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದನಂತೆ. ಹನ್ನೊಂದಕ್ಕೆ ಸರಿಯಾಗಿದ್ದ ನಲ್ಲಿಯನ್ನು ಬಿಚ್ಚಿದನಂತೆ. ಹನ್ನೆರಡಕ್ಕೆ, "ನೀನು ಒಂದು ಗಂಟೇಲಿ ಫ್ರಿಜ್ ಬಾಗಿಲು ಹದಿನೇಳು ಸಲ ತೆಗೀತೀಯಲ್ಲ, ಗೊತ್ತಾ?" ಎಂದನಂತೆ. ಮಧ್ಯಾಹ್ನ ಅವಳು ಅಡ್ಡಾದರೆ, "ಮೈ ಹುಷಾರಿಲ್ವಾ? ಯಾಕೆ ಮಲಗಿದ್ದೀಯಾ?" ಎಂದು ಮೂರು ಸಲ ಎಬ್ಬಿಸಿ ಕೇಳಿದನಂತೆ.

"ಅಕ್ಕ ಒಂದೇ ದಿನಕ್ಕೆ ಇಳಿದುಹೋಗಿದ್ದಾಳೆ ಕಣ್ರೀ," ಎಂದಳು ನನ್ನ ಹೆಂಡತಿ. ನಾನು ಗಂಭೀರವಾಗಿ ತಲೆಯಾಡಿಸಿದೆ, ಬೇರೆಯವರ ಮನೆಯ ಕಥೆ ಕೇಳುವಾಗ ಎಲ್ಲರೂ ಆಡಿಸುವ ಹಾಗೆ.

ಇಪ್ಪತ್ತನೇ ತಾರೀಕಿಗೆ ನಗರಸಭೆಯಿಂದ ಒಂದು ಕಾಗದ ಬಂತು. ಅಂಗಡಿ ಮುಚ್ಚುತ್ತಿರುವುದು ಕಚೇರಿಯ ಗಮನಕ್ಕೆ ಬಂದಿರುವುದರಿಂದ ಪರವಾನಗಿ ರದ್ದುಪಡಿಸಲಾಗುತ್ತಿದೆ ಎಂದು ಅದರಲ್ಲಿತ್ತು. ಬೋಲ್ಟಣ್ಣನ ಮುಖ ಸುಣ್ಣವಾಯಿತು. ಅವನನ್ನು ಎಳೆದುಕೊಂಡು ಕಚೇರಿಗೆ ಹೋದೆ. ಪರವಾನಗಿಯ ಸಾಹೇಬರು ಅವನನ್ನು ಕಂಡದ್ದೇ ಕುರ್ಚಿಯಿಂದ ಎದ್ದು ನಿಂತರು.

"ಬನ್ನಿ ಬನ್ನಿ. ನಾನು ನಾಲ್ಕು ಸಲ ನೋಡ್ದೆ. ನಮ್ಮ ಮನೆಯವರಂತೂ ಊಟಾನೇ ಮಾಡ್ಲಿಲ್ಲ."

"ಸಾಹೇಬ್ರೇ," ಎಂದು ನಾನೇ ಶುರುಮಾಡಿದೆ, "ಇವರ ಅಂಗಡಿ ಮುಚ್ತಿಲ್ಲ. ನಡೀತಾ ಇದೆ."

"ನಡೀತಿದೆ ಅನ್ನೋದಕ್ಕೆ ಏನು ಆಧಾರ?"

"ನಾವೇ ಬಂದು ಹೇಳ್ತಿದ್ದೀವಲ್ಲ."

"ನೀವು ಹೇಳೋದು ಬಾಯಿಮಾತು. ಮುಚ್ತಿದೆ ಅನ್ನೋದಕ್ಕೆ ಸಿನಿಮಾ ಇದೆ. ಸಿನಿಮಾ ಅಂದ್ರೆ ಸಾಕ್ಷಿ. ಅದೂ ಸಾಮಾನ್ಯ ಸಿನಿಮಾ ಅಲ್ಲ, ಸಾಕ್ಷ್ಯಚಿತ್ರ." ಸಾಹೇಬರು ಬೋಲ್ಟಣ್ಣನ ಕಡೆ ತಿರುಗಿದರು. "ನೀವೇ ಹೇಳಿ. ಆ ಕಣ್ಣೀರು ಸುಳ್ಳಾ?"

ಬೋಲ್ಟಣ್ಣ ಇನ್ನೂ ಕಪ್ಪಗಿದ್ದ ಹೆಬ್ಬೆರಳ ಉಗುರನ್ನು ನೋಡಿಕೊಂಡು ಪ್ರಾಮಾಣಿಕವಾಗಿ, "ಇಲ್ಲ ಸಾರ್, ಕಣ್ಣೀರು ನಿಜ" ಎಂದ.

"ಮತ್ತೆ!" ಎಂದು ಸಾಹೇಬರು ಮೊಹರು ಒತ್ತಿದರು. ಆಮೇಲೆ ದನಿ ತಗ್ಗಿಸಿ, "ನಮ್ಮದೊಂದು ಇಸ್ತ್ರಿ ಪೆಟ್ಟಿಗೆ ನಿಮ್ಮ ಹತ್ರ ಇದೆ. ಹಸಿರು ಹಿಡಿ. ಸ್ವಲ್ಪ ಬೇಗ ನೋಡಿ" ಎಂದರು.

ಹೋಗಲಿ, ಪರವಾನಗಿ ಇವತ್ತಲ್ಲ ನಾಳೆ ಮತ್ತೆ ಮಾಡಿಸಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಕಟ್ಟಡದ ಯಜಮಾನಿ ಓನರಮ್ಮನಿಂದ. ಮಹಡಿಯ ಮೇಲೆ ಅವರ ವಾಸ. ಮೂರು ವರ್ಷದ ಹಿಂದೆ ಕೆಲಸದಿಂದ ನಿವೃತ್ತರಾದ ಅವರ ಯಜಮಾನರು ಹೆಂಡತಿಯ ಹಿಂದೆಯೇ ಕೋಣೆಯಿಂದ ಕೋಣೆಗೆ ಓಡಾಡಿಕೊಂಡಿರುತ್ತಾರೆ. ನಾವು ಹೋದಾಗ ಓನರಮ್ಮ ಮೊಬೈಲ್ ಕವರು ಮಾರುವ ಒಬ್ಬ ಹೊಸ ಬಾಡಿಗೆದಾರನಿಗೆ ಕರಾರುಪತ್ರ ಓದಿ ಹೇಳುತ್ತಿದ್ದರು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬೋಲ್ಟಣ್ಣನ ಅಂಗಡಿ ಅವನದು.

"ನನಗೆ ಮೊದ್ಲೇ ಒಂದು ಮಾತು ಹೇಳಬಾರ್ದಿತ್ತೇನಪ್ಪ?" ಎಂದು ಓನರಮ್ಮ ಬೋಲ್ಟಣ್ಣನನ್ನೇ ತರಾಟೆಗೆ ತೆಗೆದುಕೊಂಡರು. "ಊರಿಗೆಲ್ಲ ಸಿನಿಮಾದಲ್ಲಿ ಹೇಳ್ತೀಯಾ, ಓನರಿಗೆ ಹೇಳಲ್ಲ."

"ಮೆಲ್ಲಗೆ ಓದು, ಅವನಿಗೆ ಕೇಳಿಸುತ್ತೆ," ಎಂದರು ಹಿಂದಿನಿಂದ ಯಜಮಾನರು. "ಕನ್ನಡಕ ಹಾಕ್ಕೊಂಡು ಓದು. ಆ ಪೆನ್ನು ಬರೆಯಲ್ಲ, ಇನ್ನೊಂದು ತಗೋ."

ಓನರಮ್ಮ ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿ ಕಣ್ಣು ಬಿಟ್ಟರು.

ನಾನು ಬೋಲ್ಟಣ್ಣನ ಪಕ್ಕೆಗೆ ತಿವಿದೆ. ಅವನು ಓನರಮ್ಮನನ್ನು ನೋಡಿದ. ಆಮೇಲೆ, ಹೊಸ ಅಂಗಡಿಯ ಸಂತೋಷದಲ್ಲಿ ಹೊಳೆಯುತ್ತಿದ್ದ ಆ ಕವರಿನವನನ್ನು ನೋಡಿದ. ಪಕ್ಕದಲ್ಲಿ ಅವನ ಹೊಸ ಹೆಂಡತಿ ಕೂತಿದ್ದಳು. ನನಗೆ ಆಗಲೇ ಗೊತ್ತಾಯಿತು, ಕೆಲಸ ಕೆಟ್ಟಿತು ಅಂತ.

"ಒಳ್ಳೇ ಅಂಗಡಿ," ಎಂದ ಬೋಲ್ಟಣ್ಣ ಅವನಿಗೆ. "ಮೂಲೇಲಿ ಒಂದು ಕಡೆ ಸೋರುತ್ತೆ, ನಾನು ಸರಿ ಮಾಡಿಕೊಟ್ಟು ಹೋಗ್ತೀನಿ."

ಮೆಟ್ಟಿಲಿಳಿಯುವಾಗ ನಾನು ಬಾಯಿಗೆ ಬಂದಂತೆ ಬೈದೆ. ಅವನು ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟ. "ಆ ಸ್ಟೂಲು ಬಿಟ್ರೆ ನನಗೆ ಬೇರೆ ಎಲ್ಲೂ ಕೂತು ಅಭ್ಯಾಸ ಇಲ್ಲ ಕಣಯ್ಯ," ಎಂದ. ಶೂಟಿಂಗಿನ ದಿನ ಹುಡುಕಿದರೂ ಸಿಗದ ಮುಖ ಅವತ್ತು ತಾನಾಗಿ ಬಂದಿತ್ತು, ತೆಗೆಯುವುದಕ್ಕೆ ಕ್ಯಾಮೆರಾ ಇರಲಿಲ್ಲ.

ಮೂವತ್ತನೇ ತಾರೀಕು ಸಂಜೆ ಐದಕ್ಕೆ ಬೀಳ್ಕೊಡುಗೆ. ಮೇಷ್ಟ್ರು ಅಧ್ಯಕ್ಷರು. ಬೀದಿಗೆ ಅಡ್ಡಲಾಗಿ ಬಾಡಿಗೆ ಕುರ್ಚಿ ಹಾಕಿದ್ದರು, ಮೈಕು ಇತ್ತು, ರಿಪೇರಿಯಾದ ನಾಲ್ಕು ಟೇಬಲ್ ಫ್ಯಾನುಗಳು ನಾಲ್ಕು ಮೂಲೆಯಲ್ಲಿ ತಿರುಗುತ್ತಿದ್ದವು. ಮುಂದಿನ ಸಾಲಿನಲ್ಲಿ ಪರವಾನಗಿ ಸಾಹೇಬರು, ಓನರಮ್ಮ, ಅವರ ಯಜಮಾನರು, ಹೊಸ ಕವರಿನವನು, ಅವನ ಹೆಂಡತಿ. ಹುಡುಗಿ ಕ್ಯಾಮೆರಾ ನಿಲ್ಲಿಸಿಕೊಂಡು ಕಾದಿದ್ದಳು. ಈ ಸಲ ನಿಜವಾದ ಕೊನೆಯ ಶಟರ್.

ಒಳಗೆ ಅಂಗಡಿ ಖಾಲಿ ಖಾಲಿ. ಮೂರು ಗೋಡೆಗೂ ಬಣ್ಣ ಇತ್ತೆಂದು ನನಗೆ ಅವತ್ತು ಗೊತ್ತಾಯಿತು.

ಮೇಷ್ಟ್ರು ಒಂದು ಗೋಡೆ ಗಡಿಯಾರವನ್ನು ಕಾಣಿಕೆ ಕೊಟ್ಟರು. ಅದು ನಡೆಯುತ್ತಿರಲಿಲ್ಲ. ಬೋಲ್ಟಣ್ಣ ಅಭ್ಯಾಸಬಲದಿಂದ ಜೇಬಿನ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಹಿಂದಿನ ಮುಚ್ಚಳ ಬಿಚ್ಚಲು ಹೊರಟಾಗ ಇಡೀ ಸಭೆ ಗಳಗಳನೆ ಅತ್ತಿತು. ಆಮೇಲೆ ಅವನ ಕೈಗೆ ಮೈಕು ಬಂತು.

"ನಾನು... ಒಂದು ಮಾತು ಹೇಳಬೇಕಿತ್ತು," ಎಂದ.

ನಾನು ಕುರ್ಚಿಯ ತುದಿಗೆ ಬಂದೆ. ಮುಂದಿನ ಸಾಲಿನಲ್ಲಿ ಸಾಹೇಬರು ಮುಂಗಡವಾಗಿಯೇ ಕರವಸ್ತ್ರ ಬಿಚ್ಚಿದರು. ಬೋಲ್ಟಣ್ಣ ಒಂದೊಂದೇ ಮುಖ ನೋಡಿದ. ಇನ್ನೂರು ಒದ್ದೆ ಕಣ್ಣು.

"ನಿಮ್ಮೆಲ್ಲರ ಪ್ರೀತಿ ದೊಡ್ಡದು," ಎಂದ. ಮೈಕು ಕೊಟ್ಟು ಶಟರಿಗೆ ಕೈ ಹಾಕಿದ.

ನಾಳೆಯಿಂದ ಹಲಗೆಯ ಆಚೆ 'ನಾಳೆ ಬನ್ನಿ' ಎನ್ನುವ ಆ ಮಾತು ಇರುವುದಿಲ್ಲ. ನಾನೇ ಎದ್ದು ಕೂಗಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಬಂತು.

"ನಿಲ್ಸಿ."

ಅತ್ತಿಗೆ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಗಂಡನನ್ನು ನೋಡಲೇ ಇಲ್ಲ, ಸೀದಾ ಕ್ಯಾಮೆರಾದ ಮುಂದೆ ನಿಂತಳು.

"ಮಗಳೇ, ನೀನು ಮಾಯವಾಗೋ ಜಾಗ ಹುಡುಕ್ಕೊಂಡು ಊರೆಲ್ಲ ಅಲೀತಿದ್ದೀಯಲ್ಲ. ನಾನೊಂದು ಜಾಗ ಹೇಳ್ತೀನಿ, ತೆಗೀತೀಯಾ?"

"ಯಾವುದು ಆಂಟಿ?"

"ನಮ್ಮನೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ."

"ಮನೆ ಕೆಡವ್ತಿದ್ದಾರಾ ಆಂಟಿ?"

"ಯಾಕೆ ಕೆಡವ್ತಾರೆ? ಗಟ್ಟಿಯಾಗೇ ಇದೆ. ಆದ್ರೆ ಇವರು ಹೊರಟ ಮೇಲೆ, ಬಾಗಿಲು ಹಾಕ್ಕೊಂಡ ಮೇಲೆ, ಅದು ಬೇರೆ ಮನೆ. ಅಲ್ಲಿ ಯಾರೂ ಏನೂ ಕೇಳಲ್ಲ. ಯಾಕೆ ಕೂತೆ, ಯಾಕೆ ಎದ್ದೆ, ಈ ಡಬ್ಬ ಯಾಕೆ ಇಲ್ಲಿದೆ ಅಂತ. ಮೂವತ್ತೊಂದು ವರ್ಷದಿಂದ ನನಗೆ ಅಂತ ಇರೋದು ಅದೊಂದೇ ಜಾಗ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಅದು ಹೋಗುತ್ತೆ."

ಅತ್ತಿಗೆ ಸಭೆಯ ಕಡೆ ತಿರುಗಿದಳು.

"ಇವರಿಗೆ ಅಂಗಡಿ ಮುಚ್ಚೋ ಆಸೆ ಒಂದು ಚೂರೂ ಇಲ್ಲ. ಈ ಮಗೂಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದ್ರು. ನಿಮಗೆಲ್ಲ ಬೇಜಾರಾಗುತ್ತೆ ಅಂತ ಈಗ ಆ ಸುಳ್ಳನ್ನ ನಿಜ ಮಾಡೋಕೆ ಹೊರಟಿದ್ದಾರೆ. ನನಗೆ ಬೇಜಾರಾಗುತ್ತೆ ಅಂತ ಒಬ್ಬರಿಗಾದ್ರೂ ಹೊಳೀತಾ?"

ಗಂಡಸರು ಒಟ್ಟಿಗೆ ಮೇಲೆದ್ದರು. "ಹಾಗಾದ್ರೆ ನಾವು ಅತ್ತಿದ್ದು?" ಎಂದರು ಸಾಹೇಬರು. "ನಾನು ಹದಿನಾಲ್ಕು ಪುಟ ಭಾಷಣ ಬರೆದಿದ್ದೀನಿ, ಅದನ್ನೇನು ಮಾಡ್ಲಿ?" ಎಂದರು ಮೇಷ್ಟ್ರು. ಇನ್ನೊಬ್ಬರು, "ನಮ್ಮನ್ನೆಲ್ಲ ಮಂಗ ಮಾಡಿದ್ಯಲ್ಲೋ, ತೊಲಗು ಮೊದ್ಲು!" ಎಂದು ಕೂಗಿದರು. ಬೀಳ್ಕೊಡಲು ಬಂದವರು ಓಡಿಸಲು ಸಿದ್ಧರಾದರು. ಬೋಲ್ಟಣ್ಣ ಗಡಿಯಾರ ಎದೆಗೊತ್ತಿಕೊಂಡು, "ಸುಳ್ಳು ಹೇಳಬಾರ್ದಿತ್ತು. ತಪ್ಪಾಯ್ತು" ಎಂದ. ಮೂವತ್ತೊಂದು ವರ್ಷದಲ್ಲಿ ಎದುರಿಗಿದ್ದವರಿಗೆ ಹಿಡಿಸದ ಮಾತನ್ನು ಅವನು ಆಡಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಿಸದೆ ಮುಂದುವರಿಸಿದ. "ಅಂಗಡಿ ನನಗೆ ಬೇಕು. ಬಿಡೋಕಾಗಲ್ಲ."

ಹೆಂಗಸರು ಯಾರೂ ಎದ್ದಿರಲಿಲ್ಲ, ಗಲಾಟೆಯನ್ನೂ ಮಾಡಿರಲಿಲ್ಲ. ಎಲ್ಲರೂ ಅತ್ತಿಗೆಯನ್ನೇ ನೋಡುತ್ತಿದ್ದರು, ಕುಕ್ಕರಿನ ಹೆಂಗಸು ಬಾಯಿ ತೆರೆದುಕೊಂಡು. ಆಗ ಓನರಮ್ಮ ನಿಧಾನವಾಗಿ ಎದ್ದರು.

"ಬೇಗ ಎದ್ದೇಳಬೇಡ, ತಲೆ ಸುತ್ತುತ್ತೆ," ಎಂದರು ಪಕ್ಕದಿಂದ ಯಜಮಾನರು.

ಓನರಮ್ಮ ಅವರನ್ನು ಒಂದು ಸಲ ನೋಡಿದರು. ಮೂರು ವರ್ಷದ್ದೆಲ್ಲ ಆ ನೋಟದಲ್ಲಿತ್ತು. ಕೈಚೀಲದಿಂದ ಕರಾರುಪತ್ರ ತೆಗೆದು ನಾಲ್ಕು ಚೂರು ಮಾಡಿದರು.

"ಅಂಗಡಿ ಇವನದೇ," ಎಂದರು. ಕವರಿನವನು ಏನೋ ಹೇಳಲು ಹೋದ. ಅವನಿಗಿಂತ ಮೊದಲು ಅವನ ಹೊಸ ಹೆಂಡತಿ ಎದ್ದು, "ಅಮ್ಮಾ, ಇದು ಬೇಡ, ಸರಿ. ಆದ್ರೆ ಇವರಿಗೆ ಎಲ್ಲಾದ್ರೂ ಒಂದು ಅಂಗಡಿ ಬೇಕೇ ಬೇಕು. ಇವತ್ತೇ ಬೇಕು" ಎಂದಳು. ಮದುವೆಯಾಗಿ ಎರಡು ತಿಂಗಳು. ಜಾಣೆ, ಬೇಗ ಕಲಿತಿದ್ದಳು.

"ಕೆಳಗಡೆ ರಸ್ತೆಗೆ ಬಾಗಿಲಿರೋ ರೂಮಿದೆ. ನಮ್ಮ ಯಜಮಾನರು ಪೇಪರ್ ಓದೋದು ಅಲ್ಲಿ. ಅದನ್ನ ತಗೊಳ್ಳಿ," ಎಂದರು ಓನರಮ್ಮ.

"ಮತ್ತೆ ನಾನು ಎಲ್ಲಿ ಓದ್ಲಿ?" ಎಂದರು ಯಜಮಾನರು.

"ಇಲ್ಲಿ." ಓನರಮ್ಮ ಬೋಲ್ಟಣ್ಣನ ಖಾಲಿ ಅಂಗಡಿಯ ಕಡೆ ಬೆರಳು ತೋರಿಸಿದರು. "ಬೇಕಾದಷ್ಟು ಜಾಗ ಇದೆ. ಬೆಳಗ್ಗೆ ಒಂಬತ್ತಕ್ಕೆ ಬನ್ನಿ, ಸಂಜೆ ಆರಕ್ಕೆ ಮೊದ್ಲು ಮೇಲೆ ಬರಬೇಡಿ. ಏನಪ್ಪ ಬೋಲ್ಟಣ್ಣ, ಆಗುತ್ತೋ ಆಗಲ್ವೋ?"

ಈಗಷ್ಟೇ 'ಆಗಲ್ಲ' ಎನ್ನುವುದನ್ನು ಕಲಿತಿದ್ದ ಬೋಲ್ಟಣ್ಣ ಅದನ್ನು ಎರಡನೇ ಸಲ ಬಳಸುವಷ್ಟು ಮೂರ್ಖನಾಗಿರಲಿಲ್ಲ. ಮರುದಿನ ಯಜಮಾನರು ಪೇಪರು, ಕನ್ನಡಕ, ದಿಂಬು ಸಮೇತ ಬಂದರು. ಮೂರನೆಯ ದಿನಕ್ಕೆ ಮೇಷ್ಟ್ರನ್ನು ಅವರ ಮನೆಯವರು ತಂದು ಬಿಟ್ಟು ಹೋದರು, ಹದಿನಾಲ್ಕು ಪುಟ ಭಾಷಣದ ಜೊತೆಗೆ.

ಇನ್ನು ಸಿನಿಮಾ. ಹುಡುಗಿ ಅದನ್ನು ಅಲ್ಲಿಗೇ ಕೈಬಿಡುತ್ತಾಳೆ ಎಂದುಕೊಂಡಿದ್ದೆವು. ಅವಳು ಅತ್ತಿಗೆಯ ಮನೆಗೆ ಹೋದಳಂತೆ, ಬೆಳಗ್ಗೆ ಒಂಬತ್ತಕ್ಕೆ. ಅತ್ತಿಗೆ ಕ್ಯಾಮೆರಾವನ್ನು ಕಪಾಟಿನ ಮೇಲೆ ಇಡಿಸಿ, "ಇನ್ನು ನೀನು ಆಚೆ ಹೋಗು ಮಗಳೇ. ನೀನಿದ್ರೆ ಅದು ಆ ಜಾಗ ಆಗಲ್ಲ" ಎಂದು ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳಂತೆ.

ಮೂರು ತಿಂಗಳಾದ ಮೇಲೆ ಒಂದು ಶನಿವಾರ ಸಂಜೆ ಸಿನಿಮಾ ತೋರಿಸಿದರು. ಬೀದಿಯವರೆಲ್ಲ ಹೆಂಡತಿಯರ ಜೊತೆ ಹೋಗಿದ್ದೆವು. ಕೆಡವಿದ ಸೇತುವೆ, ಮುಚ್ಚಿದ ಕಾರ್ಖಾನೆ, ಗಿಡ ಬೆಳೆದ ನಿಲ್ದಾಣ ಎಲ್ಲ ಬಂದು ಹೋದವು. ಬೋಲ್ಟಣ್ಣ ಎರಡು ಸೆಕೆಂಡು ಬಂದ, ಅದೂ ಬೆನ್ನು. ಕೊನೆಯ ಹನ್ನೆರಡು ನಿಮಿಷ ಅತ್ತಿಗೆಯದು. ಅದರಲ್ಲಿ ಏನೂ ಆಗುವುದಿಲ್ಲ. ಬಾಗಿಲು ಹಾಕುತ್ತಾಳೆ. ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿರುತ್ತಾಳೆ. ಕಾಫಿ 'ಮಾಡಿಕೊಳ್ಳುತ್ತಾಳೆ', ಬೇರೆ ಯಾರಿಗೂ ಅಲ್ಲ, ತನಗೊಬ್ಬಳಿಗೆ. ಮೇಜಿನ ಮೇಲೆ ಎರಡೂ ಕಾಲು ಚಾಚಿ ಕೂರುತ್ತಾಳೆ. ಯಾವುದೋ ಹಾಡಿನ ಅರ್ಧ ಸಾಲು ಹಾಡಿ ಬಿಡುತ್ತಾಳೆ. ಒಂದು ಸಲ ತನ್ನಷ್ಟಕ್ಕೆ ತಾನೇ ನಗುತ್ತಾಳೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ.

"ಇದರಲ್ಲಿ ಕಥೆ ಎಲ್ಲಿದೆ?" ಎಂದರು ಪರವಾನಗಿ ಸಾಹೇಬರು. "ಶ್!" ಎಂದರು ಪಕ್ಕದಲ್ಲಿದ್ದ ಅವರ ಮನೆಯವರು. ಬೆಳಕು ಬಂದಾಗ ಸಭಾಂಗಣದ ಅರ್ಧ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸರಿಯಾಗಿ ಅರ್ಧ. ಎಲ್ಲರಿಗಿಂತ ಮೊದಲು ಎದ್ದವಳು ನನ್ನ ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನ್ನ ಯಾವ ಮಾತಿಗೂ ಅವಳು ಹಾಗೆ ಎದ್ದು ನಿಂತಿರಲಿಲ್ಲ.

ಮನೆಗೆ ನಡೆದುಕೊಂಡು ಬರುವಾಗ ಕೇಳಿಯೇಬಿಟ್ಟೆ.

"ನಾನು ಅಂಗಡಿಗೆ ಹೋದ ಮೇಲೆ ನೀನೂ ಹಾಗೇ ಕೂರ್ತೀಯಾ?"

"ಹ್ಞೂಂ."

"ದಿನಾ?"

"ದಿನಾ ಎಲ್ಲಿ?" ಎಂದಳು. "ಭಾನುವಾರ ನೀವು ಮನೇಲೇ ಇರ್ತೀರಲ್ಲ."

ಬೇಸರದಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾರನೆಯ ದಿನ ಭಾನುವಾರ. ಎದ್ದವನೇ ಸ್ನಾನ ಮಾಡಿ, "ಸ್ವಲ್ಪ ಅರ್ಜೆಂಟ್ ಜೆರಾಕ್ಸ್ ಇದೆ" ಎಂದು ಒಂಬತ್ತಕ್ಕೆ ಮನೆ ಬಿಟ್ಟೆ. ಭಾನುವಾರ ನಮ್ಮ ಬೀದಿಗೆ ರಜೆ, ಅಂಗಡಿ ತೆಗೆಯುವವನು ನಾನೊಬ್ಬನೇ, ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬೀದಿಯ ತಿರುವಿಗೆ ಬಂದೆ.

ಅಷ್ಟೂ ಅಂಗಡಿಗಳು ತೆರೆದಿದ್ದವು. ಗಿರಾಕಿ ಒಬ್ಬನೂ ಇರಲಿಲ್ಲ. ಒಂದೊಂದು ಬಾಗಿಲಲ್ಲಿ ಒಬ್ಬೊಬ್ಬ ಗಂಡಸು ಕೈಕಟ್ಟಿಕೊಂಡು ಕೂತಿದ್ದ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.